ಪ್ಲಗ್ಗಿನ ವ್ಯಾಟ್ ಮೀಟರ್: ರಾಯಚೂರಿನ ಎರಡು ಬೇಸಿಗೆ ಬಳಸಿದ ಮೇಲೆ

ಗೋಡೆಯ ಸಾಕೆಟ್ಟಿಗೂ ಸಾಮಾನಿನ ಪ್ಲಗ್ಗಿಗೂ ನಡುವೆ ಹಾಕಿದರೆ, ಆ ಸಾಮಾನು ಎಷ್ಟು ಕರೆಂಟ್ ತಿನ್ನುತ್ತದೆ ಅಂತ ತೋರಿಸುವ ಮೀಟರ್ ಇದು. ಡಬ್ಬಿ ಮೇಲಿನ ವೋಲ್ಟು, ಆಂಪಿಯರುಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಬೇಡ. ಇದನ್ನು ಕೊಂಡವರು ಮೊದಲು ಫ್ರಿಜ್ ಅಳೆಯುತ್ತಾರೆ. ಅಳೆಯಬೇಕಾದದ್ದು ಇನ್ವರ್ಟರನ್ನು.

ಬ್ಯಾಟರಿಗೆ ವಯಸ್ಸಾಯಿತು ಅಂತ ನಮಗೆ ಗೊತ್ತಾಗುವುದು ಕರೆಂಟ್ ಹೋದಾಗ. ಆದರೆ ಅದು ಕರೆಂಟ್ ಇರುವಾಗಲೂ ತಿನ್ನುತ್ತಿರುತ್ತದೆ. ಇನ್ವರ್ಟರಿನ ಪ್ಲಗ್ಗನ್ನು ಈ ಮೀಟರಿಗೆ ಹಾಕಿ, ಕರೆಂಟ್ ಹೋಗದೆ ಹನ್ನೆರಡು ತಾಸು ಕಳೆಯಲಿ. ಆಮೇಲೆ ಇನ್ವರ್ಟರ್ ಲೈನಿನ ಫ್ಯಾನು, ಲೈಟು, ವೈಫೈ ಎಲ್ಲ ಆರಿಸಿ ನೋಡಿ. ಆರಿಸದಿದ್ದರೆ ಅವುಗಳ ವ್ಯಾಟೂ ಇದರಲ್ಲೇ ಸೇರಿ ಲೆಕ್ಕ ಕೆಡುತ್ತದೆ. 10-15 ವ್ಯಾಟ್ ತೋರಿಸಿದರೆ ಚಿಂತೆಯಿಲ್ಲ. ಹಳೆಯ ಟ್ಯೂಬುಲರ್ ಬ್ಯಾಟರಿ ಇದ್ದಲ್ಲಿ 40ರ ಕೆಳಗೆ ಇಳಿಯದೇ ನಿಲ್ಲುವುದುಂಟು. ಹಗಲು ರಾತ್ರಿ 40 ವ್ಯಾಟ್ ಅಂದರೆ ತಿಂಗಳಿಗೆ 28.8 ಯೂನಿಟ್. ಡಿಸ್ಟಿಲ್ಡ್ ವಾಟರ್ ಬೇಗ ಬೇಗ ಇಳಿಯುತ್ತಿದ್ದು, ಬ್ಯಾಟರಿ ಮೈ ಮುಟ್ಟಿದಾಗ ಬೆಚ್ಚಗಿದ್ದರೆ ಅದಕ್ಕೆ ವಯಸ್ಸಾಗಿದೆ, ಅನುಮಾನವೇ ಬೇಡ. ಗೃಹಜ್ಯೋತಿಯಲ್ಲಿ 200 ದಾಟಿದ ತಿಂಗಳು ಪೂರ್ತಿ ಬಿಲ್ಲೇ ಬರುವುದರಿಂದ ಈ 28 ಯೂನಿಟ್ ಸಣ್ಣದಲ್ಲ. ಕೂಲರಿಗೆ ಮೀಟರೇ ಬೇಕಿಲ್ಲ: 180 ವ್ಯಾಟಿನದು ಏಪ್ರಿಲ್‌ನಲ್ಲಿ ದಿನಕ್ಕೆ 20 ತಾಸು ತಿರುಗಿದರೆ 108 ಯೂನಿಟ್. ರಾಯಚೂರಲ್ಲಿ ಅದನ್ನು ಆರಿಸು ಅನ್ನುವ ಧೈರ್ಯ ಯಾರಿಗಿದೆ?

ಇಷ್ಟರವರೆಗೆ ಖುಷಿಯೇ. ಬೇಜಾರು ಶುರುವಾಗುವುದು ಫ್ರಿಜ್ಜಿನಲ್ಲಿ. ಕಂಪ್ರೆಸರ್ ಬಿಟ್ಟು ಬಿಟ್ಟು ಓಡುವುದರಿಂದ ಕನಿಷ್ಠ 24 ತಾಸಿನ ಯೂನಿಟ್ ನೋಡಬೇಕು, ಆ ಕ್ಷಣದ ವ್ಯಾಟ್ ನೋಡಿ ಉಪಯೋಗವಿಲ್ಲ. ಈ ಮೀಟರಿನ ಒಳಗಿನ ಬಟನ್ ಸೆಲ್ ವರ್ಷದೊಳಗೆ ಸತ್ತುಹೋಗುತ್ತದೆ. ಆಮೇಲೆ ಕರೆಂಟ್ ಹೋದಾಗಲೆಲ್ಲ ಲೆಕ್ಕ ಸೊನ್ನೆಗೆ. ದಿನಕ್ಕೆರಡು ಸಲ ಕರೆಂಟ್ ಹೋಗುವ ಊರಿಗೆ ಇಂಥದ್ದನ್ನು ಮಾರುವುದಾ? ಉಪಾಯ ಒಂದೇ: ಬೆಳಿಗ್ಗೆ ಹಾಲು ಕಾಯಿಸುವಾಗ, ಮಧ್ಯಾಹ್ನ ಊಟಕ್ಕೆ ಮೊದಲು, ರಾತ್ರಿ ಬಾಗಿಲು ಹಾಕುವಾಗ ರೀಡಿಂಗನ್ನು ಗೋಡೆಯ ಕ್ಯಾಲೆಂಡರಿನ ಅದೇ ತಾರೀಖಿನ ಮನೆಯಲ್ಲಿ ಬರೆದು, ಲೆಕ್ಕ ಸೊನ್ನೆಗೆ ಇಳಿದಲ್ಲೆಲ್ಲ ಅದಕ್ಕೆ ಮೊದಲು ಬರೆದ ರೀಡಿಂಗನ್ನು ಕೊನೆಯದಕ್ಕೆ ಕೂಡಿಸುವುದು. ಫ್ರಿಜ್ಜಿನ ಹಿಂದೆ ಬಗ್ಗಿ ಓದುವುದು ಸೊಂಟಕ್ಕೆ ಕಷ್ಟ, ಮೊಬೈಲ್ ತೂರಿಸಿ ಫೋಟೋ ತೆಗೆಯಿರಿ.

ಇದರ ಪಿನ್ನು ದಪ್ಪ, 6 ಆಂಪಿಯರ್ ಸಾಕೆಟ್ಟಿಗೆ ಕೂರುವುದಿಲ್ಲ. ಕನ್ವರ್ಟರ್ ಹಾಕಿ ಟಿವಿ ಅಳೆಯಿರಿ, ಗೀಸರ್ ಮಾತ್ರ ಬೇಡವೇ ಬೇಡ, ಸಡಿಲ ಪಿನ್ನು ಕಾದು ಕರಗುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ವೋಲ್ಟು ಆಂಪಿಯರು ಗುಣಿಸಿ, ವ್ಯಾಟಿಗಿಂತ ಹೆಚ್ಚು ಬಂತಲ್ಲ ಅಂತ ಗಾಬರಿಯಾಗುವವರಿದ್ದಾರೆ. ಬಿಲ್ ಬರುವುದು ವ್ಯಾಟಿನ ಮೇಲೆ, ಆ ಸಾಲನ್ನಷ್ಟೇ ಓದಿ. ಸಾವಿರದ ಆಸುಪಾಸಿನ ಈ ಸಾಮಾನು ಮನೆಗೊಂದು ಬೇಡ, ಓಣಿಗೊಂದು ಸಾಕು.

ಪ್ಲಗ್ ಇಲ್ಲದ ಸೀಲಿಂಗ್ ಫ್ಯಾನು, ಸಂಪಿನ ಮೋಟಾರಿಗೆ ಇದು ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಬಾಗಿಲ ಬಳಿಯ ಜೆಸ್ಕಾಂ ಮೀಟರಿನ ಕೆಂಪು ದೀಪವೇ ಇದೆ, ಪುಕ್ಕಟೆ. ಅದರ ಮೇಲೆ 3200 imp ಅಂತ ಇದ್ದರೆ, ಒಂದು ಯೂನಿಟ್ಟಿಗೆ 3200 ಸಲ ಮಿಣುಕುತ್ತದೆ ಅಂತ ಅರ್ಥ. ಒಂದು ನಿಮಿಷದ ಮಿಣುಕು ಎಣಿಸಿ 18.75ರಿಂದ ಗುಣಿಸಿದರೆ ವ್ಯಾಟ್ ಸಿಕ್ಕಿತು. ಬೋರ್ಡಿನ ಎಂಸಿಬಿಗಳನ್ನು ಒಂದೊಂದೇ ಇಳಿಸುತ್ತ ಎಣಿಸಿ. ಎಲ್ಲ ಇಳಿಸಿದರೂ ಮಿಣುಕಿದರೆ ಮೀಟರಿಗೂ ಬೋರ್ಡಿಗೂ ನಡುವೆ ಯಾರದೋ ವೈರು ಸೇರಿದೆ, ಇಲ್ಲವೇ ಮೇಲ್ಮನೆಯ ನ್ಯೂಟ್ರಲ್ ನಿಮ್ಮದರ ಜೊತೆ ಬೆರೆತಿದೆ, ಎಲೆಕ್ಟ್ರಿಷಿಯನ್ ಕರೆಸಿ. ಮೋಟಾರ್ ಒಂದನ್ನೇ ಹಾಕಿ ಎಣಿಸಿದಾಗ ವ್ಯಾಟ್ ಮೊದಲಿಗಿಂತ ಏರದೇ ಇದ್ದು, 25 ನಿಮಿಷಕ್ಕೆ ತುಂಬುತ್ತಿದ್ದ ಟ್ಯಾಂಕಿಗೆ 45 ಬೇಕಾಗುತ್ತಿದ್ದರೆ ಮೋಟಾರಿಗೆ ಕೈ ಹಚ್ಚಬೇಡಿ. ಮೊದಲು ಸಂಪಿನೊಳಗೆ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವ್ ಎತ್ತಿ ನೋಡಿ, ಜಾಲರಿಗೆ ಕಸ ಕೂತಿರಬಹುದು.