ಶೆಟ್ಟಿಹಳ್ಳಿ ಹಿನ್ನೀರಲ್ಲಿ ತೆಪ್ಪದ ಮೇಲೆ ಒಂದು ದಿನ

ಹಾಸನದವರಿಗೆ ಶೆಟ್ಟಿಹಳ್ಳಿ ಚರ್ಚು ಹೊಸದೇನಲ್ಲ. ಮನೆಗೆ ನೆಂಟರು ಬಂದರೆ ಬೇಲೂರು, ಹಳೇಬೀಡು ಆದಮೇಲೆ ಅಲ್ಲಿಗೇ ಕರೆದುಕೊಂಡು ಹೋಗುತ್ತೇವೆ. ಆದರೆ ಬಹಳ ಜನ ಹೋಗುವುದು ಬೇಸಿಗೆಯಲ್ಲಿ. ಕಾರು ಗೋಡೆಯ ಪಕ್ಕಕ್ಕೇ ತಂದು ನಿಲ್ಲಿಸಿ, ನಾಲ್ಕು ಫೋಟೋ ತೆಗೆದು ವಾಪಸ್ ಬರುತ್ತಾರೆ. ಮಳೆಗಾಲದಲ್ಲಿ ಚರ್ಚಿನ ಸುತ್ತ ಹೇಮಾವತಿ ಡ್ಯಾಮಿನ ಹಿನ್ನೀರು ತುಂಬಿದಾಗ ತೆಪ್ಪದಲ್ಲಿ ಕೂತು ಒಂದು ಸುತ್ತು ಹಾಕದಿದ್ದರೆ ಆ ಜಾಗ ನೋಡಿದ ಹಾಗೇ ಅಲ್ಲ. ಈ ಸಲ ಮಳೆ ಬಿಡುವು ಕೊಟ್ಟ ಒಂದು ಭಾನುವಾರ ನಾನು, ನಮ್ಮೆಜಮಾನರು, ಮಗಳು ಮತ್ತು ನಮ್ಮತ್ತೆ ಹೋಗಿದ್ದೆವು. ನಮ್ಮತ್ತೆಯ ತವರು ಈ ಹಿನ್ನೀರಿನಲ್ಲೇ ಮುಳುಗಿದ್ದು. ಹಾಗಾಗಿ ಇದು ನಮಗೆ ಬರೀ ಪಿಕ್ನಿಕ್ ಆಗಿರಲಿಲ್ಲ.

ಮೊದಲು ವ್ಯವಸ್ಥೆಯ ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಟಿಕೆಟ್ ಕೌಂಟರ್ ಇಲ್ಲ, ರೇಟಿನ ಬೋರ್ಡ್ ಇಲ್ಲ. ಸುತ್ತಲ ಊರುಗಳಲ್ಲಿ ಮೀನು ಹಿಡಿಯುವವರೇ ಬಂದವರನ್ನು ತೆಪ್ಪದಲ್ಲಿ ಕರೆದುಕೊಂಡು ಹೋಗುತ್ತಾರೆ. ಚರ್ಚಿನ ಸುತ್ತ ಒಂದು ಸುತ್ತಿಗೆ ನಮ್ಮ ಹತ್ತಿರ ತಲೆಗೆ 150 ರೂಪಾಯಿ ಕೇಳಿದರು. ನಮಗೆ ಅಷ್ಟು ಸಾಲದು, ಮಧ್ಯಾಹ್ನದವರೆಗೆ ಹಿನ್ನೀರಲ್ಲಿ ಓಡಾಡಬೇಕು ಅಂದಾಗ ಒಟ್ಟಿಗೆ ಒಂದು ಮೊತ್ತ ಮಾತಾಡಿಕೊಂಡೆವು. ಚೌಕಾಸಿ ಮಾಡಬಹುದು, ಆದರೆ ಜಾಸ್ತಿ ಎಳೆಯಬೇಡಿ. ಬಿಸಿಲಲ್ಲಿ ನಾಲ್ಕು ಗಂಟೆ ಹುಟ್ಟು ಹಾಕುವುದು ಸುಲಭದ ಕೆಲಸ ಅಲ್ಲ.

ದಡದಲ್ಲಿ ಮೊದಲು ಸಿಕ್ಕವರ ತೆಪ್ಪಕ್ಕೆ ನಾವು ಹತ್ತಲಿಲ್ಲ. ಲೈಫ್ ಜಾಕೆಟ್ ಕೇಳಿದರೆ "ಏನೂ ಆಗಲ್ಲ ಬನ್ನಿ ಮೇಡಂ, ದಿನಾ ಹೋಗ್ತೀವಿ" ಅಂದರು. ಇದ್ದ ಎರಡು ಜಾಕೆಟ್‌ಗಳಲ್ಲಿ ಒಂದರ ಬಕಲ್ ಮುರಿದಿತ್ತು. ಅದರ ಮೇಲೆ ಇನ್ನೊಂದು ಮನೆಯವರನ್ನೂ ನಮ್ಮ ಜೊತೆಗೇ ಹತ್ತಿಸಲು ನೋಡಿದರು. ಕೆಳಗೆ ಮುಳುಗಿದ ಗೋಡೆ, ಮರದ ಬೊಡ್ಡೆ ಎಲ್ಲ ಇರುವ ನೀರು ಇದು. ಆಳ ಎಲ್ಲಿ ಎಷ್ಟು ಅಂತ ಮೇಲಿಂದ ತಿಳಿಯುವುದಿಲ್ಲ. ಇದು ನನಗೆ ನಿಜವಾಗಿ ಸಿಟ್ಟು ತರಿಸಿತು. ಸ್ವಲ್ಪ ಕಾದೆವು. ಆಮೇಲೆ ಬಂದ ಇನ್ನೊಬ್ಬರು ಕೇಳುವ ಮೊದಲೇ ಎಲ್ಲರಿಗೂ ಜಾಕೆಟ್ ಕೊಟ್ಟು, ಮಗಳ ಜಾಕೆಟ್ ಪಟ್ಟಿ ತಾವೇ ಬಿಗಿ ಮಾಡಿದರು. ನಾಲ್ಕೇ ಜನ ಸಾಕು ಅಂದರು. ಇಂಥವರಿಗಾಗಿ ಒಂದು ಗಂಟೆ ಕಾದರೂ ನಷ್ಟವಿಲ್ಲ.

ತೆಪ್ಪವನ್ನು ಹತ್ತಿರದಿಂದ ನೋಡಿ, ಅದೇ ಒಂದು ಸೊಗಸು. ಸೀಳಿದ ಬಿದಿರನ್ನು ಬುಟ್ಟಿಯಂತೆ ದುಂಡಗೆ ಹೆಣೆದು, ಹೊರಗಡೆ ಪ್ಲಾಸ್ಟಿಕ್ ಹಾಳೆ ಬಿಗಿದು, ಮೇಲೆ ಟಾರು ಬಳಿದಿರುತ್ತಾರೆ. ಹಿಂದೆ ಹಾಳೆಯ ಜಾಗದಲ್ಲಿ ಚರ್ಮ ಇರುತ್ತಿತ್ತು. ನಮ್ಮ ತೆಪ್ಪದ ಒಳಗೆ ಬಿದಿರು ಸವೆದು ನುಣ್ಣಗಾಗಿತ್ತು. ಬಲೆಯ ಒಂದು ತುಂಡು, ಮೀನಿನ ಹುರುಪೆ ಸಂದಿಯಲ್ಲಿ ಅಂಟಿಕೊಂಡಿದ್ದವು. ವಾಸನೆ ಇರುತ್ತದೆ, ಮೂಗು ಮುರಿಯಬೇಡಿ. ತೆಪ್ಪಕ್ಕೆ ಹಿಂದೆ ಮುಂದೆ ಅಂತ ಇಲ್ಲ. ಹುಟ್ಟು ಹಾಕುವವರು ಒಂದು ಬದಿಯ ಅಂಚಿನಲ್ಲಿ ಕೂತು, ಒಂದೇ ಹುಟ್ಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರನ್ನು ತಮ್ಮ ಕಡೆಗೆ ಸೆಳೆಯುತ್ತಾರೆ. ಕೈ ಸ್ವಲ್ಪ ತಪ್ಪಿದರೂ ತೆಪ್ಪ ಗಿರಗಿರ ತಿರುಗುತ್ತದೆ. ಅವರ ಕೈಯಲ್ಲಿ ಅದು ಗೀಟು ಎಳೆದ ಹಾಗೆ ನೇರವಾಗಿ ಹೋಗುತ್ತಿತ್ತು.

ಚರ್ಚಿನ ಹತ್ತಿರ ಹೋದಾಗ ಗೋಡೆ ಅರ್ಧಕ್ಕಿಂತ ಜಾಸ್ತಿ ನೀರೊಳಗಿತ್ತು. ಇದು ರೋಸರಿ ಚರ್ಚು, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಡ್ಡ ಕಟ್ಟಿದ ಡ್ಯಾಮ್ 1979ರಲ್ಲಿ ಮುಗಿಯಿತು. ಅಲ್ಲಿಂದ ಈಚೆಗೆ ಪ್ರತಿ ಮಳೆಗಾಲ ಇದು ಮುಳುಗುತ್ತದೆ, ಬೇಸಿಗೆಗೆ ಮೇಲೆ ಬರುತ್ತದೆ. ಛಾವಣಿ ಇಲ್ಲ. ಚೂಪು ಕಮಾನುಗಳ ಸಾಲು ಮಾತ್ರ ನಿಂತಿದೆ. ಗಾರೆಗೆ ಬೆಲ್ಲ, ಮೊಟ್ಟೆ ಕಲಸಿದ್ದರು, ಅದಕ್ಕೇ ಇಷ್ಟು ಗಟ್ಟಿ ಅಂತ ಸುತ್ತಲ ಊರುಗಳಲ್ಲಿ ಹೇಳುತ್ತಾರೆ.

ನೆಲದ ಮೇಲೆ ನಿಂತಾಗ ಆ ಕಮಾನುಗಳು ತಲೆಯ ಮೇಲೆ ಎಲ್ಲೋ ಎತ್ತರದಲ್ಲಿರುತ್ತವೆ. ತೆಪ್ಪದಲ್ಲಿ ಕೂತರೆ ಅವೇ ಕಣ್ಣಿನ ಎದುರಿಗೆ ಬರುತ್ತವೆ. ನೀರು ಪ್ರತಿ ವರ್ಷ ಎಲ್ಲಿಯವರೆಗೆ ಏರಿತ್ತು ಅಂತ ಗೋಡೆಯ ಮೇಲೆ ಒಂದರ ಮೇಲೊಂದು ಗೆರೆ ಮೂಡಿದೆ. ಗಾರೆ ಉದುರಿದ ಕಡೆ ಇಟ್ಟಿಗೆಯ ಮೂಲೆಗಳು ದುಂಡಗಾಗಿವೆ. ಒಂದು ಕಿಟಕಿಯ ಪಕ್ಕದ ಬಿರುಕಿನಲ್ಲಿ ಅರಳಿ ಸಸಿ ಬೇರು ಬಿಟ್ಟಿತ್ತು. ಆ ಬೇರು ದಪ್ಪ ಆದಂತೆ ಗೋಡೆ ಬಾಯಿ ಬಿಡುತ್ತದೆ, ಬೇರೇನೂ ಬೇಕಿಲ್ಲ. ಈಚಿನ ವರ್ಷಗಳ ಮಳೆಗೆ ಕೆಲವು ಭಾಗ ಈಗಾಗಲೇ ಕುಸಿದಿದೆ. ಇದನ್ನು ಉಳಿಸಿಕೊಳ್ಳಲು ಯಾರಾದರೂ ಬೇಗ ಕೈ ಹಾಕಬೇಕು. ನೋಡುವವರೂ ಅಷ್ಟೇ, ತೆಪ್ಪ ಗೋಡೆಗೆ ತಾಗಿಸಿ ಕಮಾನಿನ ಮೇಲೆ ಹತ್ತಿ ನಿಲ್ಲುವುದನ್ನು ದಯವಿಟ್ಟು ಬಿಡಿ. ನಾವಿದ್ದಾಗಲೇ ಹುಡುಗರ ಒಂದು ಗುಂಪು ಹಾಗೆ ಮಾಡುತ್ತಿತ್ತು. ನಮ್ಮ ತೆಪ್ಪದವರು ಗದರಿ ಇಳಿಸಿದರು.

ಆಮೇಲೆ ಅವರು ತೆಪ್ಪವನ್ನು ಹಿನ್ನೀರಿನ ಒಳಕ್ಕೆ ತಿರುಗಿಸಿದರು. ನೀರಿನಿಂದ ತಲೆ ಎತ್ತಿದ ಒಣ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದಿದ್ದವು. ಅಂಚಿನ ಜೊಂಡಿನಲ್ಲಿ ಬೆಳ್ಳಕ್ಕಿಗಳು ತುಂಬಿದ್ದವು. ಮಗಳಿಗೆ ಮಿಂಚುಳ್ಳಿ ಒಂದು ಮೀನನ್ನು ಕೊಂಬೆಗೆ ಬಡಿದು ನುಂಗಿದ್ದು ಬಹಳ ಹೊತ್ತು ಮಾತಿಗೆ ಸಿಕ್ಕಿತು.

ನಮ್ಮತ್ತೆ ಅಲ್ಲಿಯವರೆಗೆ ಹೆಚ್ಚು ಮಾತಾಡಿರಲಿಲ್ಲ. ಒಂದು ಕಡೆ ಬಂದಾಗ ದೂರದ ಗುಡ್ಡವನ್ನೂ ದಡವನ್ನೂ ಎರಡೆರಡು ಸಲ ನೋಡಿ, "ಇಲ್ಲಿ ನಿಲ್ಸು ಮಗಾ" ಅಂದರು. "ಸಂತೆಗೆ ಹೋಗೋ ದಾರಿ ಇದೇ ಅಲ್ವಾ?"

ತೆಪ್ಪದವರು ಹುಟ್ಟು ಎತ್ತಿ ಮಡಿಲ ಮೇಲೆ ಇಟ್ಟುಕೊಂಡರು. "ಹೌದಜ್ಜಿ. ಬ್ಯಾಸ್ಗೇಲಿ ನೀರು ಇಳಿದಾಗ ಕಲ್ಲು ಕಾಣ್ತವೆ. ನಮ್ಮಪ್ಪಾನೂ ಇದೇ ದಾರಿ ಅಂತ ತೋರ್ಸೋರು."

ಅಷ್ಟು ಸಾಕಾಯಿತು, ಇಬ್ಬರೂ ಶುರು ಮಾಡಿದರು. ಹುಣಸೆ ತೋಪು ಎಲ್ಲಿತ್ತು, ಬಾವಿ ಎಲ್ಲಿತ್ತು, ಯಾರ ಗದ್ದೆಯಲ್ಲಿ ಮೊದಲು ನೀರು ನಿಂತಿತು. ಮನೆ ಬಿಡುವ ದಿನ ನಮ್ಮತ್ತೆಯ ಅಪ್ಪ ಬಾಗಿಲನ್ನು ಕಿತ್ತು ಗಾಡಿಗೆ ಹೇರಿದ್ದರಂತೆ. ಅದೇ ಬಾಗಿಲು ಈಗಲೂ ಅತ್ತೆಯ ಅಣ್ಣನ ಮನೆಯಲ್ಲಿದೆ. ನಾನು ಎಷ್ಟೋ ಸಲ ಆ ಬಾಗಿಲು ದಾಟಿ ಒಳಗೆ ಹೋಗಿದ್ದೇನೆ, ಈ ವಿಷಯ ಗೊತ್ತಿರಲಿಲ್ಲ. ಏರ್ ಡೆಕ್ಕನ್ ವಿಮಾನ ಕಂಪನಿ ಕಟ್ಟಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಮನೆಯ ಜಮೀನೂ ಇದೇ ಡ್ಯಾಮಿನ ನೀರಿಗೆ ಹೋಯಿತು, ಬದಲಿಗೆ ಸಿಕ್ಕಿದ್ದು ಜಾವಗಲ್ ಕಡೆಯ ಭೂಮಿ. ಹೀಗೆ ಚದುರಿದ ಮನೆಗಳು ಈ ಕಡೆ ಎಷ್ಟೋ ಇವೆ. ಚರ್ಚಿನ ಫೋಟೋ ಎಲ್ಲರಿಗೂ ಸಿಗುತ್ತದೆ. ಮುಳುಗಿದ ಊರನ್ನು ಬೆರಳು ಮಾಡಿ ತೋರಿಸುವವರು ಬೇಕೆಂದರೆ ಇಲ್ಲಿಯ ನೀರಿನಲ್ಲೇ ಬೆಳೆದವರ ತೆಪ್ಪ ಹತ್ತಬೇಕು. ಕೊಟ್ಟ ದುಡ್ಡು ನನ್ನ ಲೆಕ್ಕದಲ್ಲಿ ಇದಕ್ಕೇ.

ಮಧ್ಯಾಹ್ನ ದಡದ ಮರದ ಕೆಳಗೆ ಊಟ. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು. ಹತ್ತಿರದಲ್ಲಿ ಊಟ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ನೀರೂ ನಿಮ್ಮದೇ ಇರಲಿ. ಹೆಂಗಸರಿಗೆ ಶೌಚಾಲಯದ ಕಷ್ಟ ಇದ್ದೇ ಇದೆ, ಹಾಸನದಲ್ಲೇ ಮುಗಿಸಿಕೊಂಡು ಹೊರಡಿ. ಇಷ್ಟು ಜನ ಬರುವ ಜಾಗದಲ್ಲಿ ಇದೊಂದು ಇಲ್ಲದಿರುವುದು ದೊಡ್ಡ ಕೊರತೆ.

ಊಟ ಆದಮೇಲೆ ಕಾರಿನಲ್ಲಿ ಗೊರೂರಿಗೆ ಹೋದೆವು. ಡ್ಯಾಮ್ ಹತ್ತಿರಕ್ಕೆ ತೆಪ್ಪದಲ್ಲಿ ಹೋಗುವ ಮಾತೇ ಇಲ್ಲ, ಯಾರಾದರೂ ಆಸೆ ತೋರಿಸಿದರೂ ಒಪ್ಪಬೇಡಿ. ಒಂದೆರಡು ಗೇಟಿನಿಂದ ನೀರು ಬಿಟ್ಟಿದ್ದರು. ಮೂಡಿಗೆರೆ ತಾಲೂಕಿನ ಜಾವಳಿ ಹತ್ತಿರ ಹುಟ್ಟಿ, ಸಕಲೇಶಪುರ ದಾಟಿ ಬಂದ ಹೊಳೆ ಇಲ್ಲಿ ಸದ್ದು ಮಾಡಿ ಕೆಳಗೆ ಬಿದ್ದು ಹೊಳೆನರಸೀಪುರದ ಕಡೆ ಹೋಗುತ್ತದೆ. ಯೋಗಾನರಸಿಂಹಸ್ವಾಮಿ ದೇವಸ್ಥಾನಕ್ಕೆ ಹೋಗಿ ಕೈಮುಗಿದು, ಮೀನಿನ ಅಂಗಡಿಯಲ್ಲಿ ಹುರಿದ ಮೀನು ತಿಂದು ಕತ್ತಲಾಗುವ ಮೊದಲು ಮನೆ ಸೇರಿದೆವು. ಮೀನು ಚೆನ್ನಾಗಿತ್ತು, ಉಪ್ಪು ಸ್ವಲ್ಪ ಮುಂದಿತ್ತು.

ಹೋಗುವವರು ಹಿಂದಿನ ದಿನ ಪೇಪರಿನಲ್ಲಿ ಹೇಮಾವತಿ ಜಲಾಶಯದ ಮಟ್ಟ ನೋಡಿಕೊಳ್ಳಿ. ಪೂರ್ತಿ ತುಂಬಿದರೆ 2922 ಅಡಿ. ಅದಕ್ಕೆ ಹತ್ತಿರ ಇದ್ದರೆ ಚರ್ಚಿನ ಸುತ್ತ ತೆಪ್ಪ ಸಲೀಸಾಗಿ ಓಡಾಡುತ್ತದೆ. ಜೋರು ಗಾಳಿ, ಮೋಡ ಇದ್ದರೆ ಇನ್ನೊಂದು ವಾರ ಬಿಟ್ಟು ಹೋಗಿ. ಬೆಳಿಗ್ಗೆ ಎಂಟರ ಒಳಗೆ ದಡದಲ್ಲಿದ್ದರೆ ಒಳ್ಳೆಯದು, ಹತ್ತರ ಮೇಲೆ ಜನ ಜಾಸ್ತಿ. ತೆಪ್ಪ ತಿರುಗಿಸಿ ಅಂತ ಮಕ್ಕಳು ಹಟ ಮಾಡುತ್ತಾರೆ, ಅದನ್ನು ಗೋಡೆಯಿಂದ ದೂರ ಬಂದಮೇಲೆ ಮಾತ್ರ ಮಾಡಿಸಿ. ಮನೆಯಲ್ಲಿ ಈ ಕಡೆಯ ಹಿರಿಯರು ಯಾರಾದರೂ ಇದ್ದರೆ ಅವರನ್ನೂ ಹತ್ತಿಸಿಕೊಳ್ಳಿ. ಜಾಕೆಟ್ ಕೊಡದವರ ತೆಪ್ಪಕ್ಕೆ ಮಾತ್ರ, ಅರ್ಧ ರೇಟಿಗೆ ಕರೆದರೂ, ಕಾಲಿಡಬೇಡಿ.