ಯುದ್ಧ, ರೋಗ, ಸಾಮ್ರಾಜ್ಯಗಳ ವಿಡಿಯೋ ಕೋರ್ಸ್: ರೋಗದ ಪಾಠ ಸೂಪರ್, ಸಂಸ್ಕೃತಿ ಪಾಠ ಸಪ್ಪೆ

ಯುದ್ಧ, ದಂಡಯಾತ್ರೆ, ರೋಗ, ಸಂಸ್ಕೃತಿ ಎಲ್ಲ ಸೇರಿ ಸಮಾಜಗಳನ್ನು ಹೇಗೆ ಬದಲಾಯಿಸಿದವು ಅಂತ ಹೇಳುವ ಆನ್‌ಲೈನ್ ಕೋರ್ಸ್ ಇದು. ಪೂರ್ತಿ ನೋಡಿ ಮುಗಿಸಿದೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ರೋಗದ ಪಾಠಗಳಷ್ಟೇ ಇದ್ದಿದ್ದರೆ ಐದಕ್ಕೆ ಐದು. ಸಂಸ್ಕೃತಿಯ ಭಾಗಕ್ಕೆ ಎರಡು ಕೊಡೋದೂ ಕಷ್ಟ.

ಮೆಕ್ಸಿಕೋ ಪಾಠದಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಇಡೀ ಕೋರ್ಸಿನಲ್ಲಿ ಅದೇ ಬೆಸ್ಟ್. 1519ರಲ್ಲಿ ಸ್ಪೇನಿನ ದಂಡನಾಯಕ ಕೊರ್ಟೆಸ್ ಕೆಲವು ನೂರು ಜನರನ್ನು ಕಟ್ಟಿಕೊಂಡು ಬಂದ, ಬಂದೂಕು ಕುದುರೆ ನೋಡಿ ಅಜ್ಟೆಕರು ಹೆದರಿದರು, ಸಾಮ್ರಾಜ್ಯ ಬಿತ್ತು. ನಮಗೆಲ್ಲ ಗೊತ್ತಿರೋ ಕತೆ ಇಷ್ಟೇ ಅಲ್ವಾ? ಮೇಷ್ಟ್ರು ಅದನ್ನು ಒಂದೊಂದೇ ಎಳೆಯಾಗಿ ಬಿಚ್ಚುತ್ತಾರೆ. 1520ರ ಜೂನ್ ಕೊನೆಯಲ್ಲಿ ಅಜ್ಟೆಕರು ಸ್ಪೇನಿನವರನ್ನು ತಮ್ಮ ರಾಜಧಾನಿ ಟೆನೊಚ್ಟಿಟ್ಲಾನ್‌ನಿಂದ ಹೊಡೆದೋಡಿಸಿದ್ದರು. ಬಂದೂಕು, ಕುದುರೆ ಎಲ್ಲ ಇದ್ದೂ ಓಡಿದ್ದರು! ಆಮೇಲೆ ನಗರಕ್ಕೆ ಸಿಡುಬು ಹೊಕ್ಕಿತು. ಹೊಸ ದೊರೆ ಕ್ವಿಟ್ಲಾವಾಕ್ ಪಟ್ಟಕ್ಕೆ ಬಂದು ಮೂರು ತಿಂಗಳೂ ಆಗಿರಲಿಲ್ಲ, ಅದೇ ರೋಗಕ್ಕೆ ಸತ್ತ. 1521ರ ಆಗಸ್ಟ್ 13ಕ್ಕೆ ನಗರವೂ ಬಿತ್ತು.

ಇಷ್ಟಕ್ಕೇ ನಿಲ್ಲಿಸಿ "ಎಲ್ಲ ಸಿಡುಬಿನ ಆಟ" ಅಂದುಬಿಡೋದು ಸುಲಭ. ಇವರು ಹಾಗೆ ಮಾಡಲ್ಲ. ನಗರವನ್ನು ಮುತ್ತಿದ ಸೈನ್ಯದಲ್ಲಿ ಸ್ಪೇನಿನವರು ಕೆಲವೇ ನೂರು, ಉಳಿದ ಸಾವಿರ ಸಾವಿರ ಜನ ಅಜ್ಟೆಕರ ಹಳೇ ವೈರಿಗಳಾದ ತ್ಲಾಶ್ಕಾಲಾದವರು ಮತ್ತು ಅಜ್ಟೆಕರಿಗೆ ಕಪ್ಪ ಕೊಟ್ಟು ಕೊಟ್ಟು ರೋಸಿಹೋಗಿದ್ದ ಅಕ್ಕಪಕ್ಕದ ಊರುಗಳವರು. ಅವರಿಗೇನು ಸಿಡುಬು ಬರಲಿಲ್ವಾ? ಬಂತು. ತ್ಲಾಶ್ಕಾಲಾದ ದೊಡ್ಡ ನಾಯಕ ಮಾಶಿಶ್ಕಾಟ್ಸಿನ್ ಕೂಡ ಅದಕ್ಕೇ ಬಲಿಯಾದ. ರೋಗ ಎರಡೂ ಕಡೆ ಕೊಂದಿತು. ಆದರೆ ಒಳಗೆ ಮೊದಲೇ ಇದ್ದ ಹಳೇ ಸಿಟ್ಟು ಯಾರ ಕೈಗೆ ಕತ್ತಿ ಕೊಟ್ಟಿತು ಅನ್ನೋದೇ ಮುಖ್ಯ. ಇದೊಂದು ಮಾತಿಗೆ ನನ್ನ ದುಡ್ಡು ವಸೂಲಾಯಿತು.

ಪೆರು ಪಾಠದಲ್ಲೂ ಇದೇ ಎಳೆ. ಇಂಕಾ ದೊರೆ ವೈನಾ ಕಪಾಕ್ ಸಾಂಕ್ರಾಮಿಕ ರೋಗದಿಂದ ಸತ್ತ, ಅದು ಸಿಡುಬೇ ಇರಬೇಕು ಅಂತ ತುಂಬಾ ಇತಿಹಾಸಕಾರರ ಅಂದಾಜು. ಮಕ್ಕಳಿಬ್ಬರು ಸಿಂಹಾಸನಕ್ಕೆ ಹೊಡೆದಾಡಿಕೊಂಡರು, ಆ ಜಗಳ ಆಗಷ್ಟೇ ಮುಗಿಯುವ ಹೊತ್ತಿಗೆ, 1532ರ ನವೆಂಬರಿನಲ್ಲಿ, ಸ್ಪೇನಿನ ಪಿಸಾರೋ 168 ಜನರ ಜೊತೆ ಕಹಮಾರ್ಕಾದಲ್ಲಿ ಕಾಣಿಸಿಕೊಂಡು ಗೆದ್ದ ಮಗ ಅಟವಾಲ್ಪನನ್ನೇ ಸೆರೆಹಿಡಿದ. ಚೆನ್ನಾಗಿದೆ, ಆದರೆ ಮೆಕ್ಸಿಕೋ ನೋಡಿದವರಿಗೆ ಹೊಸದೇನೂ ಅನಿಸಲ್ಲ.

1347ರಿಂದ ಯುರೋಪನ್ನು ಗುಡಿಸಿದ ಮಹಾಪ್ಲೇಗಿನ ಪಾಠಕ್ಕೆ ಬರೋಣ. ನಾಲ್ಕೈದು ವರ್ಷದಲ್ಲಿ ಮೂರನೇ ಒಂದು ಪಾಲೋ ಅರ್ಧವೋ ಜನ ಸತ್ತರು. ಉಳಿದ ಕೂಲಿಯವರಿಗೆ ಬೆಲೆ ಬಂತು. ಇಂಗ್ಲೆಂಡಿನ ಜಮೀನ್ದಾರರು 1351ರಲ್ಲಿ ಕಾನೂನು ತಂದು ಕೂಲಿಯನ್ನು ಪ್ಲೇಗಿಗಿಂತ ಮುಂಚಿನ ದರಕ್ಕೇ ಕಟ್ಟಿಹಾಕಲು ನೋಡಿದರು. ತಮ್ಮದೇ ಬೆಳೆ ಹೊಲದಲ್ಲಿ ಕೊಳೆಯುವಾಗ ಕಾನೂನು ಯಾರು ಕೇಳ್ತಾರೆ, ಗುಟ್ಟಾಗಿ ಜಾಸ್ತಿ ಕೊಟ್ಟೇ ಕರೆಸಿಕೊಂಡರು. ಆ ತಿಕ್ಕಾಟ, ಅದರ ಮೇಲೆ ತಲೆಗಂದಾಯ, ಎರಡೂ ಸೇರಿ 1381ರ ರೈತರ ದಂಗೆ. ಈ ಭಾಗ ಎಷ್ಟು ಸೊಗಸಾಗಿದೆ ಅಂದ್ರೆ ಎರಡನೇ ಸಲ ಹಾಕಿ ನೋಡಿದೆ.

ಆದರೆ ಇಲ್ಲೇ ನನ್ನ ಮೊದಲ ತಕರಾರು. ಪೂರ್ವ ಯುರೋಪಿನಲ್ಲಿ ನಡೆದದ್ದು ಇದಕ್ಕೆ ಪೂರಾ ಉಲ್ಟಾ. ಅಲ್ಲಿ ರೈತರನ್ನು ಜಮೀನಿಗೇ ಕಟ್ಟಿಹಾಕಿದರು. ಕೋರ್ಸಿನಲ್ಲಿ ಇದನ್ನು ಪ್ಲೇಗ್ ಮುಗಿದ ಮಾರನೇ ವರ್ಷವೇ ಆದ ಹಾಗೆ ಹೇಳಿ ಮುಂದೆ ಓಡುತ್ತಾರೆ. ನಿಜವಾಗಿ ಅದು ತಲೆಮಾರುಗಳ ಕಾಲ ನಿಧಾನವಾಗಿ ಬಿಗಿದ ಕುಣಿಕೆ. ಪಟ್ಟಣಗಳು ದುರ್ಬಲ, ಒಡೆಯರು ಬಲಿಷ್ಠ, ಪಶ್ಚಿಮಕ್ಕೆ ಧಾನ್ಯ ಮಾರಿದರೆ ಕೈತುಂಬಾ ಲಾಭ. ರಷ್ಯಾದಲ್ಲಿ ಆ ಬಂಧನ ಪಕ್ಕಾ ಕಾನೂನಾಗಿದ್ದು 1649ರಲ್ಲಿ, ಹೋಗಿದ್ದು 1861ರಲ್ಲಿ. ಒಂದೇ ಪ್ಲೇಗ್, ಒಂದು ಕಡೆ ಬಿಡುಗಡೆ, ಇನ್ನೊಂದು ಕಡೆ ಜೀತ. ಮೆಕ್ಸಿಕೋ ವಿಷಯದಲ್ಲಿ ಅಷ್ಟು ಜಾಣತನ ತೋರಿಸಿದವರು ಇಲ್ಲಿ ಯಾಕೆ ಅವಸರ ಮಾಡಿದರೋ.

ಹೈಟಿ ಪಾಠ ಚಿಕ್ಕದು, ಆದರೆ ಬಿಡಬೇಡಿ. ಫ್ರಾನ್ಸಿನ ವಸಾಹತಾಗಿದ್ದ ಅಲ್ಲಿ ಗುಲಾಮರಾಗಿದ್ದವರು ದಂಗೆ ಎದ್ದಿದ್ದರು, ಅವರನ್ನು ಬಗ್ಗಿಸಲು 1801ರ ಕೊನೆಯಲ್ಲಿ ನೆಪೋಲಿಯನ್ ತನ್ನ ತಂಗಿಯ ಗಂಡ ಲೆಕ್ಲೆರ್ಕ್‌ನನ್ನು ದೊಡ್ಡ ಸೈನ್ಯದ ಜೊತೆ ಕಳಿಸಿದ. ಸೊಳ್ಳೆಯಿಂದ ಹರಡುವ ಹಳದಿ ಜ್ವರ ಸೈನಿಕರನ್ನು ಸಾಲು ಸಾಲಾಗಿ ಮಲಗಿಸಿತು. 1802ರ ನವೆಂಬರಿನಲ್ಲಿ ಲೆಕ್ಲೆರ್ಕ್ ಕೂಡ ಹೋದ. ದಂಗೆಯೆದ್ದ ಜನರಿಗೆ ಮಳೆಗಾಲ ಯಾರ ಪರ ಅಂತ ಚೆನ್ನಾಗಿ ಗೊತ್ತಿತ್ತು, ಅದಕ್ಕೆ ಕಾದರು. 1804ರ ಜನವರಿ 1ಕ್ಕೆ ಸ್ವಾತಂತ್ರ್ಯ. ಅಷ್ಟರಲ್ಲಿ ನೆಪೋಲಿಯನ್ ಅಮೆರಿಕ ಖಂಡದ ಆಸೆಯನ್ನೇ ಬಿಟ್ಟು 1803ರಲ್ಲಿ ಅಲ್ಲಿ ತನ್ನ ಕೈಯಲ್ಲಿದ್ದ ಲೂಯಿಸಿಯಾನಾ ಪ್ರದೇಶವನ್ನು ಅಮೆರಿಕದವರಿಗೆ ಮಾರಿಬಿಟ್ಟಿದ್ದ. ಸೊಳ್ಳೆ ಎಷ್ಟು ದೂರದ ಗಡಿ ಬದಲಾಯಿಸಿತು ನೋಡಿ!

ಈಗ ಸಂಸ್ಕೃತಿ. ಹೆಸರಿಗೆ ಒಂದು ಇಡೀ ಭಾಗ, ಒಳಗೆ ಕಟ್ಟಡಗಳ ಫೋಟೋ, ಹಿನ್ನೆಲೆ ಸಂಗೀತ. ಗೆದ್ದವರನ್ನು ಸೋತವರ ಬದುಕೇ ನುಂಗಿದ್ದು ಇತಿಹಾಸದಲ್ಲಿ ಎಷ್ಟಿಲ್ಲ! 1258ರಲ್ಲಿ ಮಂಗೋಲರ ಹುಲಾಗು ಬಾಗ್ದಾದನ್ನು ಸುಟ್ಟು ಖಲೀಫನನ್ನೇ ಕೊಲ್ಲಿಸಿದ. 1295ರಲ್ಲಿ ಅವನ ಮರಿಮಗ ಗಜಾನ್ ಮುಸ್ಲಿಂ ಆಗಿ ಇರಾನಿನ ಪಟ್ಟಕ್ಕೆ ಬಂದ. ನಲವತ್ತು ವರ್ಷವೂ ಆಗಿರಲಿಲ್ಲ. ಚೀನಾದ ಈಶಾನ್ಯದಿಂದ ಬಂದ ಮಂಚೂಗಳನ್ನೇ ತಗೊಳ್ಳಿ. 1644ರಲ್ಲಿ ಬೀಜಿಂಗ್ ಹಿಡಿದರು, ಮರುವರ್ಷವೇ ಚೀನಾದ ಗಂಡಸರೆಲ್ಲ ಮುಂದಲೆ ಬೋಳಿಸಿ ಜಡೆ ಬಿಡಬೇಕು ಅಂತ ಹುಕುಂ ಮಾಡಿದರು, ಒಪ್ಪದವರ ತಲೆಯೇ ಹೋಯಿತು. ಆದರೆ ದೇಶ ನಡೆಸಲು ಅಧಿಕಾರಿಗಳನ್ನು ಆರಿಸುವ ಆ ಚೀನೀಯರ ಹಳೇ ಸರ್ಕಾರಿ ಪರೀಕ್ಷೆಯನ್ನೇ ಹಿಡಿದುಕೊಂಡು 1905ರವರೆಗೂ ಸಾಗಿದರು. ಗಜಾನ್ ಹೆಸರು ಕೋರ್ಸಿನಲ್ಲಿ ಇಲ್ಲವೇ ಇಲ್ಲ. ಮಂಚೂಗಳಿಗೆ ಒಂದು ಸ್ಲೈಡ್, ಅದರಲ್ಲೂ ಜಡೆಯ ಚಿತ್ರ ಮಾತ್ರ.

ಆಫ್ರಿಕಾ ವಿಷಯ ಇನ್ನೂ ಬೇಜಾರು. ಸುಮಾರು 1.25 ಕೋಟಿ ಜನರನ್ನು ಹಡಗಿಗೆ ತುಂಬಿ ಅಟ್ಲಾಂಟಿಕ್ ದಾಟಿಸಲು ಹೊರಟ ಗುಲಾಮ ವ್ಯಾಪಾರವನ್ನು ಅರ್ಧ ಪಾಠದಲ್ಲಿ ಮುಗಿಸಿದ್ದಾರೆ. ಮಲೇರಿಯಾ ಯುರೋಪಿನವರನ್ನು ಶತಮಾನಗಳ ಕಾಲ ಕರಾವಳಿಯಲ್ಲೇ ತಡೆದಿದ್ದು, ಅದರ ಔಷಧಿ ಕ್ವಿನೈನ್ ಬಂದಮೇಲೆ ಒಳನಾಡಿಗೆ ದಾರಿ ಸಲೀಸಾಗಿದ್ದು, ಇವೆಲ್ಲ ಇವರ ವಿಷಯಕ್ಕೆ ಎಷ್ಟು ಹೊಂದುತ್ತಿತ್ತು! ಒಂದು ಮಾತಿಲ್ಲ. ಮ್ಯಾಪುಗಳಲ್ಲಿ ಕೆಂಪು ಬಾಣ ಹೊರಡೋದು ಯಾವಾಗಲೂ ಯುರೋಪಿನಿಂದಲೇ.

ಉಳಿದಿದ್ದು ಬೇಗ ಹೇಳ್ತೀನಿ. ಧ್ವನಿ ಸ್ಪಷ್ಟ, ಮೇಷ್ಟ್ರು ಎಲ್ಲೂ ಕಿರುಚಲ್ಲ. ಸಬ್‌ಟೈಟಲ್ ತಾನಾಗೇ ತಯಾರಾದದ್ದು, ಟೆನೊಚ್ಟಿಟ್ಲಾನ್ ಪ್ರತಿ ಸಲ ಬೇರೆ ಬೇರೆ ಊರಾಗುತ್ತದೆ. ಕ್ವಿಜ್ ಅಂತೂ ಸುಮ್ನೆ ಇಸವಿ ಕೇಳೋದು, ಬಿಟ್ಟರೂ ನಷ್ಟವಿಲ್ಲ. ಡೌನ್‌ಲೋಡ್ ಮಾಡಿ ಕೇಳಬಹುದು, ಮ್ಯಾಪ್ ಇಲ್ಲದೆಯೂ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ಪರೀಕ್ಷೆಗೆ ಓದುವವರಿಗೆ ಇದು ಬೇಡ, ಇಸವಿಗಳು ಕ್ರಮವಾಗಿ ಬರಲ್ಲ. ಸುಮ್ನೆ ಕುತೂಹಲಕ್ಕೆ ನೋಡುವವರು ಖಂಡಿತ ತಗೊಳ್ಳಿ. ಪರಿಚಯದ ಪಾಠ ಎಳೆದಾಡುತ್ತದೆ, ಅದನ್ನು ದಾಟಿಸಿ ನೇರ ಮೆಕ್ಸಿಕೋಗೆ ಹೋಗಿ, ಆಮೇಲೆ ಹೈಟಿ, ಆಮೇಲೆ ಪ್ಲೇಗ್. ಈ ಮೂರು ಹಿಡಿಸಲಿಲ್ಲ ಅಂದ್ರೆ ಉಳಿದದ್ದೂ ಹಿಡಿಸಲ್ಲ, ವಾರದೊಳಗೆ ಹಣ ವಾಪಸ್ ಕೇಳಬಹುದು.