ಒಂದು ಕಪ್ಪಿನ ಕಾಫಿ ಮೆಷೀನ್ ಕೊಳ್ಳುವವರೇ, ಮೊದಲು ಕ್ಯಾಪ್ಸೂಲ್ ನೋಡಿ

ನನ್ನ ಅಕ್ಕನ ಬಲಗೈ ಮೇಲೆ, ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ, ಸುಟ್ಟ ಕಲೆಯೊಂದು ಉಳಿದಿದೆ. ಅದು ನಾನು ಮನೆಗೆ ತಂದ ಕಾಫಿ ಮೆಷೀನಿನಿಂದ ಆದದ್ದು. ಕೊಳ್ಳುವ ದಿನ ಒಂದೆರಡು ಪ್ರಶ್ನೆ ಕೇಳಿದ್ದರೆ ಆಗುತ್ತಲೇ ಇರಲಿಲ್ಲ. ಇನ್ನೊಬ್ಬರ ಮನೆಯಲ್ಲಿ ಇದು ಆಗಬಾರದು ಅಂತಲೇ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಬೆಳಗ್ಗೆ ಬೇಗ ಏಳುವವನು ನಾನೊಬ್ಬನೇ. ಒಂದೇ ಕಪ್ ಕಾಫಿ ಸಾಕು. ಕ್ಯಾಪ್ಸೂಲ್ (ಒಂದು ಕಪ್ಪಿಗಾಗುವ ಕಾಫಿ ಪುಡಿ ತುಂಬಿ ಮುಚ್ಚಿದ ಪುಟ್ಟ ಡಬ್ಬಿ) ಹಾಕು, ಬಟನ್ ಒತ್ತು, ಕುಡಿ ಅನ್ನುವ ಸುಲಭಕ್ಕೆ ಮನಸೋತೆ. ಮೆಷೀನ್ ಎಷ್ಟು ಜಾಗ ಹಿಡಿಯುತ್ತದೆ, ಎಷ್ಟು ಬೇಗ ಬಿಸಿಯಾಗುತ್ತದೆ, ಟ್ಯಾಂಕ್ ಎಷ್ಟು ದೊಡ್ಡದು, ಎಲ್ಲ ನೋಡಿದೆ. ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ 19 ಬಾರ್ ಅಂತ ಇತ್ತು, ಅದನ್ನೂ ನಂಬಿದೆ. ಅದು ಪಂಪು ಕೊಡಬಲ್ಲ ಗರಿಷ್ಠ ಒತ್ತಡವಷ್ಟೇ, ಎಸ್ಪ್ರೆಸ್ಸೋಗೆ ಪುಡಿಯ ಮೇಲೆ ಬೇಕಾದದ್ದು ಸುಮಾರು 9 ಬಾರ್ ಎಂದು ತಿಳಿದದ್ದು ಆಮೇಲೆ. ಆ ಮೆಷೀನಿಗೆ ಯಾವ ಕ್ಯಾಪ್ಸೂಲ್ ಹಿಡಿಸುತ್ತದೆ, ಅದನ್ನು ಎಷ್ಟು ಕಂಪನಿಗಳು ಮಾಡುತ್ತವೆ ಎಂದು ಮಾತ್ರ ನಾನು ಕೇಳಲೇ ಇಲ್ಲ.

ಮೊದಲ ಬೇಸರ ರುಚಿಯದು. ಮೆಷೀನಿನಲ್ಲಿ ದೊಡ್ಡ ಕಪ್ಪಿನ ಬಟನ್ ಒಂದಿತ್ತು. ಒತ್ತಿದರೆ ಕಪ್ ತುಂಬುತ್ತಿತ್ತು, ಆದರೆ ಬರುತ್ತಿದ್ದದ್ದು ಬಣ್ಣದ ನೀರು. ಪುಡಿ ಚೆನ್ನಾಗಿಲ್ಲ ಅಂದುಕೊಂಡು ಬೇರೆ ಬೇರೆ ಬಗೆ ತರಿಸಿ ದುಡ್ಡು ಕಳೆದೆ. ಲೆಕ್ಕ ಹಾಕಿ ನೋಡಿದ್ದರೆ ಅಂದೇ ಅರ್ಥವಾಗುತ್ತಿತ್ತು. ಸೋಸಿ ಕುಡಿಯುವ ಕಾಫಿಗೆ ಒಂದು ಲೀಟರ್ ನೀರಿಗೆ ಸುಮಾರು 55 ಗ್ರಾಂ ಪುಡಿ ಅನ್ನುವುದು ಕಾಫಿ ವೃತ್ತಿಯವರು ಒಪ್ಪಿಕೊಂಡ ಅಳತೆ. ಆ ಲೆಕ್ಕದಲ್ಲಿ 240 ಮಿ.ಲೀ. ಕಪ್ಪಿಗೆ 13 ಗ್ರಾಂ ಬೇಕು. ಚಿಕ್ಕ ಕ್ಯಾಪ್ಸೂಲಿನಲ್ಲಿ ಇರುವುದು 5ರಿಂದ 6 ಗ್ರಾಂ. ಅದರಿಂದ 100 ಮಿ.ಲೀ.ವರೆಗೆ ಹದವಾದ ಕಾಫಿ ಬಂದೀತು. ಅದರ ಮೇಲೆ ಹರಿಯುವ ನೀರು ಚರಟದ ಕಹಿಯನ್ನಷ್ಟೇ ತೊಳೆದು ತರುತ್ತದೆ. ನಿಮಗೆ ದೊಡ್ಡ ಕಪ್ ಇಷ್ಟವಾದರೆ ಬಟನ್ ನೋಡಬೇಡಿ, ಕ್ಯಾಪ್ಸೂಲಿನಲ್ಲಿ ಎಷ್ಟು ಗ್ರಾಂ ಪುಡಿ ಇದೆ ನೋಡಿ.

ಅದಕ್ಕೂ ಹೊಂದಿಕೊಂಡೆ. ಚಿಕ್ಕ ಕಪ್ಪನ್ನೇ ಎರಡು ಸಲ ಮಾಡಿಕೊಳ್ಳುತ್ತಿದ್ದೆ. ಎಂಟು ತಿಂಗಳಾಗುವ ಹೊತ್ತಿಗೆ ಕ್ಯಾಪ್ಸೂಲ್ ಸಿಗುವುದು ಕಡಿಮೆಯಾಯಿತು. ಆ ಆಕಾರದ್ದನ್ನು ಮಾಡುತ್ತಿದ್ದದ್ದು ಆ ಒಂದೇ ಕಂಪನಿ. ಇಂದು ಬರುತ್ತೆ, ನಾಳೆ ಬರುತ್ತೆ ಅಂತ ಎರಡು ತಿಂಗಳು ಕಾದೆ. ಆಮೇಲೆ ಕಸ್ಟಮರ್ ಕೇರ್‌ನವರು ಆ ಬಗೆಯನ್ನೇ ನಿಲ್ಲಿಸಿದ್ದೇವೆ ಎಂದರು. ಮೆಷೀನ್ ಸರಿಯಾಗಿಯೇ ಇತ್ತು, ಅದಕ್ಕೆ ಹಾಕಲು ಏನೂ ಇರಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಬೇರೆಯವರು ಮಾಡಿದ, ‘ಇದಕ್ಕೂ ಹೊಂದುತ್ತದೆ’ ಎಂದು ಬರೆದಿದ್ದ ಕ್ಯಾಪ್ಸೂಲ್. ಅದರ ಅಂಚು ಮೂಲದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪ. ಮುಚ್ಚಳ ಒತ್ತಿದರೆ ಕೂರುತ್ತಿತ್ತು, ಆದರೆ ಸ್ವಲ್ಪ ಬಲ ಹಾಕಬೇಕಿತ್ತು. ಕೈಗೆ ಹಾಗೆ ಬಿಗಿ ತಾಕಿದಾಗಲೇ ನಿಲ್ಲಿಸಬೇಕಿತ್ತು. ಈ ಮೆಷೀನುಗಳಲ್ಲಿ ಸೂಜಿ ಕ್ಯಾಪ್ಸೂಲನ್ನು ಚುಚ್ಚಿ ಬಿಸಿನೀರನ್ನು ಒತ್ತಡದಲ್ಲಿ ಒಳಗೆ ತಳ್ಳುತ್ತದೆ. ಆ ನೀರು ಇನ್ನೊಂದು ಬದಿಯಿಂದ ಹೊರಗೆ ಬರಬೇಕು. ಕ್ಯಾಪ್ಸೂಲ್ ಸರಿಯಾಗಿ ಕೂರದೆ ಹೊರದಾರಿ ತೆರೆಯದೇ ಹೋದರೆ, ಇಲ್ಲವೇ ಸೂಜಿಯ ತೂತಿಗೆ ಪುಡಿ ಕಟ್ಟಿಕೊಂಡರೆ, ಒತ್ತಡವೆಲ್ಲ ಮುಚ್ಚಳದ ಕೆಳಗೇ ನಿಲ್ಲುತ್ತದೆ.

ಅಕ್ಕ ಬಂದಿದ್ದ ದಿನ ಹಾಗೇ ಆಯಿತು. ನಾಲ್ಕು ಹನಿ ಬಿದ್ದು ಕಾಫಿ ನಿಂತಿತು, ಮೆಷೀನ್ ಗುರುಗುಟ್ಟುತ್ತಲೇ ಇತ್ತು. “ಯಾಕೋ ನಿಂತೇ ಹೋಯ್ತಲ್ಲೋ” ಅನ್ನುತ್ತಾ ಅಕ್ಕ ಮುಚ್ಚಳದ ಹಿಡಿ ಎತ್ತಿದಳು. “ಅಕ್ಕಾ, ತೆಗೀಬೇಡ” ಅನ್ನುವಷ್ಟರಲ್ಲಿ ಕುದಿಯುವ ನೀರೂ ಚರಟವೂ ಒಟ್ಟಿಗೇ ಕೈಮೇಲೆ ಚಿಮ್ಮಿದವು. ಬರೀ ನೀರಾಗಿದ್ದರೆ ಜಾರಿಹೋಗುತ್ತಿತ್ತು. ಬಿಸಿ ಚರಟ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ತಕ್ಷಣ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಕೈ ಹಿಡಿಸಿದೆವು, ಬಳೆ ತೆಗೆಸಿದೆವು. ಅಷ್ಟಾದರೂ ಗುಳ್ಳೆ ಎದ್ದವು, ಹದಿನೈದು ದಿನ ಡ್ರೆಸ್ಸಿಂಗ್ ಆಯಿತು. ಸುಟ್ಟ ಜಾಗಕ್ಕೆ ಐಸ್, ಪೇಸ್ಟ್, ಎಣ್ಣೆ ಏನನ್ನೂ ಹಚ್ಚಬೇಡಿ. ಹರಿಯುವ ತಣ್ಣೀರೇ ಮೊದಲ ಚಿಕಿತ್ಸೆ.

ಕಂಪನಿಗೆ ದೂರು ಕೊಟ್ಟರೆ ವಾರಂಟಿ ಅನ್ವಯಿಸದು ಅಂದರು. ಕಾರಣ ಎರಡು: ಬೇರೆಯವರ ಕ್ಯಾಪ್ಸೂಲ್ ಬಳಸಿದ್ದು, ಮತ್ತು ಹೇಳಿದ ಅವಧಿಗೆ ಡಿಸ್ಕೇಲ್ (ಒಳಗೆ ಕಟ್ಟಿದ ಬಿಳಿ ಪದರ ತೆಗೆಯುವುದು) ಮಾಡದಿದ್ದದ್ದು. ಮೊದಲನೆಯದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ತಮ್ಮ ಕ್ಯಾಪ್ಸೂಲನ್ನೇ ನಿಲ್ಲಿಸಿದ ಮೇಲೆ ಕೊಂಡವರು ಇನ್ನೇನು ಮಾಡಬೇಕಿತ್ತು? ಎರಡನೆಯದನ್ನು ಒಪ್ಪುತ್ತೇನೆ. ಗಡಸು ನೀರು ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಪದರವಾಗಿ ಕೊಳವೆಯ ಒಳಗೆ ಕೂರುತ್ತದೆ, ದಾರಿ ಕಿರಿದಾಗುತ್ತದೆ, ನೀರು ಬೇಕಾದಷ್ಟು ಬಿಸಿಯೂ ಆಗುವುದಿಲ್ಲ. ಮೂರರಿಂದ ಆರು ತಿಂಗಳಿಗೊಮ್ಮೆ ಅದನ್ನು ಕರಗಿಸಿ ತೆಗೆಯಬೇಕು. ನೀರು ತೀರಾ ಗಡಸಾದರೆ ಇನ್ನೂ ಬೇಗ. ಕೈಪಿಡಿಯಲ್ಲಿ ಇದೆಲ್ಲ ಇತ್ತು, ನಾನು ಓದಿರಲಿಲ್ಲ.

ನಮ್ಮದು ಅಗ್ಗದ ಮೆಷೀನ್, ಹೆಸರಾಂತ ಕಂಪನಿಯದ್ದಾದರೆ ಇಂಥದ್ದು ಆಗದು ಅಂದುಕೊಳ್ಳಬೇಡಿ. 2014ರ ಡಿಸೆಂಬರ್‌ನಲ್ಲಿ ಕ್ಯೂರಿಗ್ ಕಂಪನಿ ಅಮೆರಿಕವೊಂದರಲ್ಲೇ ಸುಮಾರು 66 ಲಕ್ಷ ಚಿಕ್ಕ ಮೆಷೀನುಗಳನ್ನು ರೀಕಾಲ್ ಮಾಡಿತು, ಅಂದರೆ ದೋಷವಿದೆ ಎಂದು ತಿಳಿಸಿ ಸರಿಪಡಿಸಿಕೊಡಲು ಮುಂದಾಯಿತು. ನೀರು ಅತಿಯಾಗಿ ಕಾದು ಹೊರಗೆ ಚಿಮ್ಮುತ್ತಿತ್ತು, ಸುಟ್ಟ ಗಾಯಗಳ ವರದಿಗಳೇ 90 ಇದ್ದವು. ಬೆನ್ನುಬೆನ್ನಿಗೇ ಎರಡಕ್ಕಿಂತ ಹೆಚ್ಚು ಕಪ್ ಮಾಡಿದಾಗ ಅಪಾಯ ಹೆಚ್ಚು ಎಂದೂ ಆಗ ಎಚ್ಚರಿಸಿದ್ದರು. ಕೊಳ್ಳುವ ಮೊದಲು ನಿಮ್ಮ ಮಾಡೆಲ್ಲಿನ ಹೆಸರಿನ ಜೊತೆ ರೀಕಾಲ್ ಅಂತ ಹಾಕಿ ಒಮ್ಮೆ ಹುಡುಕಿ.

ಕ್ಯಾಪ್ಸೂಲಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ನಮ್ಮ ತೊಂದರೆ ಶುರುವಾದದ್ದೇ ಅಲ್ಲಿಂದ. ಹಲವು ಕಂಪನಿಗಳು ಮಾಡುವ ಬಗೆಯನ್ನೇ ಆರಿಸಿ. ನೆಸ್ಪ್ರೆಸ್ಸೋದ ಮೊದಲ ಮಾದರಿಯ ಕ್ಯಾಪ್ಸೂಲಿಗೂ ಕ್ಯೂರಿಗ್‌ನ ಕೆ-ಕಪ್ ಎಂಬ ಕ್ಯಾಪ್ಸೂಲಿಗೂ ಇದ್ದ ಮುಖ್ಯ ಪೇಟೆಂಟ್‌ಗಳು 2012ರ ಹೊತ್ತಿಗೆ ಮುಗಿದವು, ಹಾಗಾಗಿ ಅವನ್ನು ಈಗ ಎಷ್ಟೋ ಕಂಪನಿಗಳು ಮಾಡುತ್ತವೆ. ಅದೇ ನೆಸ್ಪ್ರೆಸ್ಸೋದ ವರ್ಚುವೋ ಬಗೆಯೇ ಬೇರೆ. ಅದರ ಅಂಚಿನಲ್ಲಿ ಬಾರ್‌ಕೋಡ್ ಇರುತ್ತದೆ, ಹಳೆಯ ಮಾದರಿಯದ್ದು ಅದಕ್ಕೆ ಹಿಡಿಸುವುದಿಲ್ಲ. ಬ್ರ್ಯಾಂಡ್ ಹೆಸರು ಒಂದೇ ಇದ್ದ ಮಾತ್ರಕ್ಕೆ ಕ್ಯಾಪ್ಸೂಲ್ ಒಂದೇ ಅಂದುಕೊಂಡು ಮೋಸಹೋಗುವುದು ಸುಲಭ. ಇವತ್ತು ಇರುವ ಸ್ವಾತಂತ್ರ್ಯ ಮುಂದಿನ ಮಾಡೆಲ್ಲಿನಲ್ಲಿ ಇದ್ದೇ ಇರುತ್ತದೆ ಅಂತಲೂ ಇಲ್ಲ. 2014ರಲ್ಲಿ ಬಂದ ಕ್ಯೂರಿಗ್ 2.0 ಪರವಾನಗಿ ಇಲ್ಲದ ಕ್ಯಾಪ್ಸೂಲುಗಳನ್ನು ಗುರುತಿಸಿ ನಿರಾಕರಿಸುತ್ತಿತ್ತು. ಜನ ತಿರುಗಿಬಿದ್ದ ಮೇಲೆ, ಮರುವರ್ಷ ಕಂಪನಿ ತಪ್ಪೊಪ್ಪಿಕೊಂಡು ಸ್ವಂತ ಪುಡಿ ಹಾಕಿಕೊಳ್ಳುವ ಫಿಲ್ಟರನ್ನು ವಾಪಸ್ ತಂದಿತು.

ಆ ಸ್ವಂತ ಪುಡಿಯ ಫಿಲ್ಟರ್ ನಿಮ್ಮ ಮೆಷೀನಿಗೆ ಅದನ್ನು ಮಾಡಿದ ಕಂಪನಿಯಿಂದಲೇ ಸಿಗುತ್ತದೆಯೇ ಎಂದು ಖಂಡಿತ ವಿಚಾರಿಸಿ. ಕ್ಯಾಪ್ಸೂಲ್ ನಿಂತುಹೋದರೂ ಮೆಷೀನ್ ಉಳಿಯುವುದು ಅದರಿಂದ. ಗೆರೆ ದಾಟಿ ತುಂಬಬೇಡಿ, ತೀರಾ ನುಣ್ಣನೆಯ ಪುಡಿ ಹಾಕಬೇಡಿ, ಕಟ್ಟಿಕೊಳ್ಳುತ್ತದೆ. ಸೂಜಿ ಬಿಚ್ಚಿ ತೊಳೆಯಲು ಬರುತ್ತದೆಯೇ, ಕಾಫಿ ಇಳಿಯುವಾಗ ಮುಚ್ಚಳ ತಾನೇ ಲಾಕ್ ಆಗುತ್ತದೆಯೇ ಎಂದು ಅಂಗಡಿಯಲ್ಲೇ ಮಾಡಿ ತೋರಿಸಿ ಅನ್ನಿ. ನಮ್ಮದರಲ್ಲಿ ಲಾಕ್ ಇರಲಿಲ್ಲ.

ಮೆಷೀನ್ ಬೇಕೇ ಬೇಕಾ ಅಂತಲೂ ಯೋಚಿಸಿ. ನಾನೀಗ ಕೆಟಲ್ಲಿನಲ್ಲಿ ನೀರು ಕಾಯಿಸಿ, ಒಂದು ಕಪ್ಪಿನ ಮೇಲೆ ಕೂರುವ ಡ್ರಿಪ್ಪರಿನಲ್ಲಿ 15 ಗ್ರಾಂ ಪುಡಿಗೆ 250 ಮಿ.ಲೀ. ನೀರು ಸುರಿಯುತ್ತೇನೆ. ನಾಲ್ಕೈದು ನಿಮಿಷದ ಕೆಲಸ. ರುಚಿ ಆ ಮೆಷೀನಿನದಕ್ಕಿಂತ ಎಷ್ಟೋ ಮೇಲು.

ಈಗಾಗಲೇ ಮನೆಯಲ್ಲಿ ಮೆಷೀನ್ ಇರುವವರಿಗೆ ಒಂದು ಮಾತು. ಕಾಫಿ ನಡುವೆ ನಿಂತರೆ ಮುಚ್ಚಳ ಮುಟ್ಟಬೇಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆಯಿರಿ, ಪೂರ್ತಿ ತಣ್ಣಗಾಗುವವರೆಗೆ ಬಿಡಿ. ಅದನ್ನು ಮನೆಯವರಿಗಷ್ಟೇ ಅಲ್ಲ, ಮನೆಗೆ ಬಂದವರಿಗೂ ಹೇಳಿ. ನಾನು ಅಕ್ಕನಿಗೆ ಹೇಳಿರಲಿಲ್ಲ.